ಗೊಂಬೆಯ ಮೈಬಣ್ಣಕ್ಕೆ ಮೂರು ಅಂಕಿ

ಗೋಕಾಕ ಎಂದೊಡನೆ ಜಲಪಾತ, ಕರದಂಟುಗಳ ಜೊತೆಗೆ ಬಣ್ಣದ ಗೊಂಬೆಗಳೂ ನೆನಪಾಗುತ್ತವೆ. ಗೊಂಬೆಗೆ ಬಣ್ಣ ಬಳಿಯುವವರಿಗೆ ಒಂದು ತೊಡಕು ಚೆನ್ನಾಗಿ ಗೊತ್ತು. ಮುಖಕ್ಕೆಂದು ಕಲಸಿದ ಬಣ್ಣ ಮುಗಿದುಹೋಗಿ ಕೈಕಾಲುಗಳಿಗೆ ಮತ್ತೆ ಕಲಸಬೇಕಾದರೆ ಎರಡೂ ಒಂದೇ ಆಗಿ ಹೊಂದುವುದು ಕಷ್ಟ. ಈಗ ಅದೇ ತಾಲ್ಲೂಕಿನ ಅಂಕಲಗಿಯ ವಿದ್ಯಾರ್ಥಿನಿಯೊಬ್ಬಳು ಕಂಪ್ಯೂಟರಿನ ಕಲ್ಪಿತ ಲೋಕದಲ್ಲಿ ತನ್ನ ಪ್ರತಿರೂಪವನ್ನು ರಚಿಸುತ್ತಿದ್ದಾಳೆ ಎಂದಿಟ್ಟುಕೊಳ್ಳಿ. ಇಂತಹ ಪ್ರತಿರೂಪಕ್ಕೆ ‘ಅವತಾರ’ ಎಂದೇ ಹೆಸರು. (ನಮ್ಮ ಪದವೇ ಇಂಗ್ಲಿಷಿಗೆ ಹೋಗಿ ಹೊಸ ಅರ್ಥ ಹೊತ್ತು ಮರಳಿದೆ.) 2003ರಲ್ಲಿ ಆರಂಭವಾದ ‘ಸೆಕೆಂಡ್ ಲೈಫ್’ನಂತಹ ಲೋಕಗಳಲ್ಲಿ ತಲೆಯನ್ನು ಒಬ್ಬರು, ಮೈಯನ್ನು ಇನ್ನೊಬ್ಬರು ತಯಾರಿಸಿರಬಹುದು. ಎರಡನ್ನೂ ಜೋಡಿಸಿದಾಗ ಕತ್ತಿನಲ್ಲಿ ಗೆರೆ ಎಳೆದಂತೆ ಬಣ್ಣ ಬದಲಾಗುತ್ತದೆ. ಇದನ್ನು ಸರಿಪಡಿಸುವುದು ಹೇಗೆ?

ಪರದೆಯ ಮೇಲಿನ ಪ್ರತಿಯೊಂದು ಬಣ್ಣಕ್ಕೂ ಕೆಂಪು, ಹಸಿರು, ನೀಲಿ ಎಂಬ ಮೂರು ಅಂಕಿಗಳಿರುತ್ತವೆ. ಒಂದೊಂದೂ 0ಯಿಂದ 255ರವರೆಗೆ. ಉದಾಹರಣೆಗೆ 141, 85, 36 ಎಂಬುದು ಒಂದು ಕಂದು ಮೈಬಣ್ಣ. ಅಂಕಿ ಅರ್ಧವಾದರೆ ಬೆಳಕೂ ಅರ್ಧವಾಗುತ್ತದೆ ಎಂದು ತಿಳಿಯಬಾರದು. ನಮ್ಮ ಕಣ್ಣು ಮಬ್ಬಿನಲ್ಲಿರುವ ಸಣ್ಣ ವ್ಯತ್ಯಾಸಗಳನ್ನು ಬೇಗ ಗುರುತಿಸುತ್ತದೆ. ಆದ್ದರಿಂದ ಇಂದಿನ ಪರದೆಗಳು ಅನುಸರಿಸುವ ಮಾನಕದಲ್ಲಿ ಮಬ್ಬಿನ ಭಾಗಕ್ಕೆ ಹೆಚ್ಚು ಅಂಕಿಗಳನ್ನು ಹಂಚಲಾಗಿದೆ. 128 ಎಂಬ ಅಂಕಿ ಪೂರ್ಣ ಬೆಳಕಿನ ಸುಮಾರು ಶೇಕಡಾ 22ನ್ನು ಮಾತ್ರ ಕೊಡುತ್ತದೆ. ಅರ್ಧ ಬೆಳಕಿಗೆ 188 ಬೇಕು. ಮೇಲಿನ ಕಂದು ಬಣ್ಣದ ಮೇಲೆ ಬೀಳುವ ಬೆಳಕನ್ನು ಅರ್ಧಕ್ಕಿಳಿಸಿದರೆ ಸಿಗುವುದು 102, 60, 23. ಅಂಕಿಗಳನ್ನೇ ಎರಡರಿಂದ ಭಾಗಿಸಿದವರು ಇದಕ್ಕಿಂತ ಬಹಳ ಕಪ್ಪಾದ ಬಣ್ಣವನ್ನು ಪಡೆಯುತ್ತಾರೆ. ಕತ್ತಿನ ಗೆರೆಗೆ ಎಷ್ಟೋ ಸಲ ಇಂತಹ ಲೆಕ್ಕವೇ ಕಾರಣ.

ಆದರೆ ಲೆಕ್ಕ ಸರಿಯಾದರೂ ಚರ್ಮ ಚರ್ಮದಂತೆ ಕಾಣದಿರಬಹುದು. ಚರ್ಮ ಬಣ್ಣ ಬಳಿದ ಗೋಡೆಯಲ್ಲ. ಅದರ ಮೇಲೆ ಬಿದ್ದ ಬೆಳಕಿನಲ್ಲಿ ಹೆಚ್ಚಿನ ಭಾಗ ಒಳಹೊಕ್ಕು, ಚದರಿ, ಅಲ್ಲಿನ ವರ್ಣದ್ರವ್ಯಗಳನ್ನು ಹಾದು ಹೊರಬರುತ್ತದೆ. ಈ ದ್ರವ್ಯಗಳಲ್ಲಿ ಮುಖ್ಯವಾದವು ಎರಡು. ಮೆಲನಿನ್ ನೀಲಿಯನ್ನು ಹೆಚ್ಚಾಗಿ, ಕೆಂಪನ್ನು ಕಡಿಮೆಯಾಗಿ ಹೀರುತ್ತದೆ. ರಕ್ತದ ಹಿಮೊಗ್ಲೋಬಿನ್, ಆಮ್ಲಜನಕ ಹೊತ್ತಿರುವಾಗ, 542 ಮತ್ತು 577 ನ್ಯಾನೊಮೀಟರ್ ತರಂಗದೂರಗಳ ಬಳಿ, ಅಂದರೆ ಹಸಿರು-ಹಳದಿಯಲ್ಲಿ, ವಿಶೇಷವಾಗಿ ಹೀರುತ್ತದೆ. ತೋಳಿನ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಪಟ್ಟಿಯನ್ನು ಒತ್ತಿ ನೋಡಿ. ರಕ್ತ ಸರಿದು ಕೆಂಪು ಮಾಯವಾಗುತ್ತದೆ. ಉಳಿದದ್ದು ಬಹುಮಟ್ಟಿಗೆ ಮೆಲನಿನ್ನಿನ ಕೆಲಸ. ಎರಡೂ ದ್ರವ್ಯಗಳು ಕೆಂಪನ್ನು ಹೆಚ್ಚಾಗಿ ಬಿಟ್ಟುಕೊಡುವುದರಿಂದ, ಸಹಜ ಬಿಳಿ ಬೆಳಕಿನಲ್ಲಿ ಯಾರ ಮೈಬಣ್ಣದಲ್ಲೇ ಆಗಲಿ ಸಾಮಾನ್ಯವಾಗಿ ಕೆಂಪಿನ ಅಂಕಿ ದೊಡ್ಡದು, ನೀಲಿಯದು ಚಿಕ್ಕದು.

ಬೆಳಕಿನ ಉಳಿದ ಭಾಗ, ಸುಮಾರು ಶೇಕಡಾ 3ರಿಂದ 4, ಒಳಗೆ ಹೋಗುವುದೇ ಇಲ್ಲ. ಮೇಲ್ಮೈಯಿಂದಲೇ ಮರಳುತ್ತದೆ. ಗೊಂಬೆಯ ಬಣ್ಣ ಒಣಗಿದ ಮೇಲೆ ಹಚ್ಚುವ ವಾರ್ನಿಷಿನ ಹೊಳಪಿನಂತೆ ಇದು. ಮೆಲನಿನ್ನನ್ನು ಮುಟ್ಟದ ಈ ಹೊಳಪು ಬಿಳಿಯರಲ್ಲೂ ಕಪ್ಪಗಿರುವವರಲ್ಲೂ ಹೆಚ್ಚುಕಡಿಮೆ ಒಂದೇ.

ಅವತಾರಗಳ ತೊಂದರೆಯ ಮೂಲ ಇಲ್ಲಿದೆ. ತಯಾರಕರು ಅನೇಕ ವೇಳೆ ಒಂದು ಬಿಳಿಚಿದ ಚರ್ಮದ ಚಿತ್ರವನ್ನು, ಹೊಳಪಿನ ಸಮೇತ, ಬರೆದಿಟ್ಟು ಅದರ ಮೇಲೆ ಛಾಯೆ ಹಾಕಲು ಬಿಡುತ್ತಾರೆ. ಛಾಯೆ ಹಾಕುವುದೆಂದರೆ ಗುಣಿಸುವುದು, ಅದೂ ಒಂದಕ್ಕಿಂತ ಚಿಕ್ಕ ಸಂಖ್ಯೆಯಿಂದ. ಹೀಗಾಗಿ ಬಿಳಿಯನ್ನು ಕಪ್ಪಾಗಿಸಬಹುದೇ ಹೊರತು ಕಪ್ಪನ್ನು ಬಿಳಿಯಾಗಿಸಲಾಗದು. ಬಿಳಿ ಚರ್ಮ ಒಳಗಿನಿಂದ ಶೇಕಡಾ 40ರಷ್ಟು, ಕಪ್ಪು ಚರ್ಮ ಶೇಕಡಾ 8ರಷ್ಟು ಬೆಳಕನ್ನು ಹಿಂದಿರುಗಿಸುತ್ತವೆ ಎಂದುಕೊಳ್ಳಿ. ಮೇಲ್ಮೈಯ ಹೊಳಪು 4. ಬಿಳಿ ಚರ್ಮದಲ್ಲಿ ಅದು ಹತ್ತನೆಯ ಒಂದು ಪಾಲು. ಕಪ್ಪು ಚರ್ಮದಲ್ಲಿ ಅರ್ಧದಷ್ಟು. ಕಪ್ಪು ಮೈಗೆ ಚೆಲುವು ಕೊಡುವುದೇ ಈ ಮಿಂಚು. ಬಿಳಿ ಚಿತ್ರವನ್ನು ಐದನೆಯ ಒಂದಕ್ಕಿಳಿಸಿದಾಗ ಹೊಳಪೂ 0.8ಕ್ಕೆ ಕುಸಿಯುತ್ತದೆ. ಅಂಕಲಗಿಯ ಹುಡುಗಿಗೆ ಸಿಗುವುದು ಬೂದಿ ಬಳಿದಂತಹ ಮುಖ. ಬಣ್ಣ ಆರಿಸುವ ಗುಂಡಿ ಎಷ್ಟೇ ತಿರುಗಿಸಿದರೂ ಅದು ಸರಿಹೋಗದು.

ಬಣ್ಣದ ಮಾದರಿಗಳಲ್ಲೂ ಇದೇ ಕಥೆ. ಚರ್ಮವೈದ್ಯ ಥಾಮಸ್ ಫಿಟ್ಜ್‌ಪ್ಯಾಟ್ರಿಕ್ 1975ರಲ್ಲಿ ರೂಪಿಸಿದ ವರ್ಗೀಕರಣ ಬಿಸಿಲಿಗೆ ಚರ್ಮ ಸುಡುವುದನ್ನು ಅಳೆಯಲು ಹುಟ್ಟಿದ್ದು. ಕಂದು, ಕಪ್ಪು ಚರ್ಮಗಳು ಅದರಲ್ಲಿ ಸೇರಿದ್ದು ಅನಂತರ. ಆದರೂ 2015ರಲ್ಲಿ ಮೊಬೈಲಿನ ಎಮೋಜಿಗಳಿಗೆ ಐದು ಮೈಬಣ್ಣ ಕೊಟ್ಟಾಗ ಯೂನಿಕೋಡ್ ಬಳಸಿದ್ದು ಇದನ್ನೇ. 2022ರಲ್ಲಿ ಗೂಗಲ್ ಪ್ರಕಟಿಸಿದ, ಸಮಾಜಶಾಸ್ತ್ರಜ್ಞ ಎಲ್ಲಿಸ್ ಮಂಕ್ ಅವರ ಹತ್ತು ಬಣ್ಣಗಳ ಮಾದರಿ ನಮ್ಮಂಥವರಿಗೆ ಹೆಚ್ಚು ಒಗ್ಗುತ್ತದೆ.

ನಿಮ್ಮದೇ ಬಣ್ಣ ಬೇಕಿದ್ದರೆ ಹೀಗೆ ಮಾಡಬಹುದು. ಬಯಲಿನ ನೆರಳಿನಲ್ಲಿ ತೋಳಿನ ಪಕ್ಕ ಬಿಳಿ ಹಾಳೆಯಿಟ್ಟು ಫೋಟೋ ತೆಗೆಯಿರಿ. ಹಾಳೆಯ ಮೂರು ಅಂಕಿಗಳೂ ಸಮವಾಗುವಂತೆ ಚಿತ್ರವನ್ನು ತಿದ್ದಿ, ಆಮೇಲೆ ತೋಳಿನ ಅಂಕಿಗಳನ್ನು ಓದಿ. ಹೊಳಪಿರುವ ಜಾಗ ಬೇಡ. ತಲೆ, ಮೈಗಳಿಗೆ ಅದೇ ಬಣ್ಣ ಕೊಟ್ಟು ಕಲ್ಪಿತ ಲೋಕದ ಸೂರ್ಯನನ್ನು ಮೊದಲು ನಡುಹಗಲಿಗೆ, ನಂತರ ಸಂಜೆಗೆ ನಿಲ್ಲಿಸಿ ಕತ್ತನ್ನು ನೋಡಿ. ಹಗಲಿನಲ್ಲಿ ಕಾಣದ ಗೆರೆ ಸಂಜೆಯ ಓರೆ ಬೆಳಕಿನಲ್ಲಿ ಕಂಡರೆ ಬಣ್ಣವನ್ನು ಮುಟ್ಟಬೇಡಿ. ಹೊಂದಿಸಬೇಕಾದದ್ದು ಎರಡು ಭಾಗಗಳ ಹೊಳಪನ್ನು.