ಸಮುದ್ರಕ್ಕೆ ಹೊರಟವರ ಬ್ಯಾಗಿನಲ್ಲಿ ಜೀನ್ಸ್ ಬೇಡ

ಕಳೆದ ಜೂನ್‌ನಲ್ಲಿ ಇಂಗ್ಲೆಂಡಿನ ಪ್ಲಿಮತ್‌ನಿಂದ ಅಜೋರ್ಸ್ ದ್ವೀಪಗಳವರೆಗೆ ಹಾಯಿದೋಣಿಯಲ್ಲಿ ಹೋಗಿದ್ದೆ. ಸುಮಾರು 1,200 ನಾಟಿಕಲ್ ಮೈಲಿ, ನಾಲ್ಕೇ ಜನ, ಹತ್ತು ದಿನ. ಆಫೀಸಿನಲ್ಲಿ ಎಲ್ಲರೂ ಕೇಳಿದ್ದು ವಾಂತಿ ಬಂತಾ ಅಂತ. ಹೊರಡೋ ಮುಂಚೆ ನಾನು ತಲೆ ಕೆಡಿಸಿಕೊಂಡಿದ್ದು ಮಾತ್ರ ಬಟ್ಟೆಗೆ.

ಮೊದಲು ಹತ್ತಿ ಬಿಡಿ. ಜೀನ್ಸ್, ಕಾಟನ್ ಟೀಶರ್ಟ್, ಹೂಡಿ ಎಲ್ಲ ಮನೆಯಲ್ಲೇ ಇರಲಿ. ನೆನೆದ ಹತ್ತಿ ಮೈಯ ಬಿಸಿ ಹೀರುತ್ತದೆ. ಸಮುದ್ರದ ನೀರಾದರೆ ಇನ್ನೂ ಕಷ್ಟ. ಬಟ್ಟೆಯಲ್ಲಿ ಉಳಿದ ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುತ್ತೆ, ಸಿಹಿನೀರಲ್ಲಿ ತೊಳೆಯುವವರೆಗೂ ಪೂರ್ತಿ ಒಣಗೋದೇ ಇಲ್ಲ. ನಮ್ಮ ದೋಣಿಯಲ್ಲಿ ಸಿಹಿನೀರು ಕುಡಿಯೋಕೆ, ಅಡುಗೆಗೆ ಅಷ್ಟೇ.

ಮೈಗೆ ತಾಗುವಂತೆ ಮೆರಿನೊ ಉಣ್ಣೆ, ಮೇಲೆ ಫ್ಲೀಸ್, ಹೊರಗೆ ನೀರು ತಡೆಯುವ ಜಾಕೆಟ್. ಉಣ್ಣೆ ನೆನೆದರೂ ಒಂದಿಷ್ಟು ಬೆಚ್ಚಗಿಡುತ್ತೆ. ಮಲೆನಾಡಿನ ಮಳೆಯಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು ಗದ್ದೆಗೆ ಇಳಿಯುತ್ತಿದ್ದವರಿಗೆ ಇದನ್ನು ಯಾವ ಬ್ರ್ಯಾಂಡೂ ಹೇಳಿಕೊಡಬೇಕಿರಲಿಲ್ಲ.

ಹೊರಗಿನ ಜಾಕೆಟ್ಟಿನಲ್ಲಿ ದುಡ್ಡು ಉಳಿಸಬೇಡಿ. ಬೈಕಿನ ರೈನ್‌ಕೋಟ್ ಮೇಲಿಂದ ಬೀಳುವ ಮಳೆಗೆ ಸರಿ, ಇಲ್ಲಿ ನೀರು ಪಕ್ಕದಿಂದ, ಕೆಳಗಿನಿಂದ ನುಗ್ಗುತ್ತೆ. ಎದೆವರೆಗೆ ಬರುವ ಭುಜಪಟ್ಟಿಯ ಪ್ಯಾಂಟ್, ಮಣಿಕಟ್ಟಿನಲ್ಲಿ ಎರಡು ಪದರದ ಬಿಗಿಪಟ್ಟಿ, ಕೆನ್ನೆ ಮುಚ್ಚುವ ಕಾಲರ್ ಬೇಕು. ಅಂಗಡಿಯಲ್ಲಿ ಒಳಗಿನದೆಲ್ಲ ಹಾಕಿಕೊಂಡೇ ಟ್ರಯಲ್ ನೋಡಿ: ಕೂತು, ಬಗ್ಗಿ, ಕೈ ಎತ್ತಿ. ಓಲಾಡುವ ದೋಣಿಯ ಟಾಯ್ಲೆಟ್ಟಿನಲ್ಲಿ ಎಷ್ಟು ಜಿಪ್ ಬಿಚ್ಚಬೇಕು ಅನ್ನೋದನ್ನೂ ಲೆಕ್ಕ ಹಾಕಿ. ನಗಬೇಡಿ, ರಾತ್ರಿ ಎರಡು ಗಂಟೆಗೆ ಅದು ದೊಡ್ಡ ವಿಷಯ.

ಇನ್ನು ಬಣ್ಣ. ನೇವಿ ಬ್ಲೂ ಜಾಕೆಟ್ ಫೋಟೊದಲ್ಲಿ ಚೆಂದ. ಆದರೆ ನೀರಿಗೆ ಬಿದ್ದವರಲ್ಲಿ ಕಾಣೋದು ತಲೆಯೊಂದೇ, ಅದಕ್ಕೇ ಟೋಪಿ ಕಣ್ಣು ಕುಕ್ಕುವ ಹಳದಿಯಾಗಿರಬೇಕು, ಬೆಳಕಿಗೆ ಮಿಂಚುವ ಪಟ್ಟಿ ಇರಬೇಕು. ಅಲ್ಲಿನ ಜೂನ್ ನೀರು ಸುಮಾರು 14 ಡಿಗ್ರಿ. ಬಿದ್ದ ಮೊದಲ ನಿಮಿಷದಲ್ಲಿ ಉಸಿರೇ ಹಿಡಿತಕ್ಕೆ ಸಿಗೋದಿಲ್ಲ. ಹಾಗಾಗಿ ಜಾಕೆಟ್ ಮೇಲೆ ಲೈಫ್‌ಜಾಕೆಟ್, ಅದರಿಂದ ದೋಣಿಗೆ ಕೊಕ್ಕೆ ಹಾಕಿದ ಪಟ್ಟಿ.

ಮೂರನೇ ರಾತ್ರಿ ಗಾಳಿ ಏರಿತು. ಹಾಯಿ ಇಳಿಸಲು ಗೆಳೆಯ ಮುಂದಕ್ಕೆ ಹೋದ. ನಾನು ಹಿಂದೆ ಚುಕ್ಕಾಣಿ ಹಿಡಿದು ಟಾರ್ಚ್ ಬಿಡುತ್ತಿದ್ದೆ. ಒಂದು ಅಲೆ ಅವನ ಮೇಲೆಯೇ ಹಾದುಹೋಯಿತು, ಬೆಳಕಿಗೆ ಬರೀ ನೊರೆ. ಹೆಸರು ಹಿಡಿದು ಕೂಗಿದ್ದು ನನಗೇ ಕೇಳಿಸಲಿಲ್ಲ. ಆಮೇಲೆ ಕಂಬದ ಬುಡದಲ್ಲಿ ಆ ಪಟ್ಟಿ ಮಿಂಚಿತು. ಕೊಕ್ಕೆ ಹಾಕಿಕೊಂಡೇ ಹೋಗಿದ್ದ.

ಅಜೋರ್ಸ್ ಹತ್ತಿರವಾದಂತೆ ಚಳಿ ಇಳಿಯಿತು, ಅಂಚಿನ ಟೋಪಿ, ಸನ್‌ಸ್ಕ್ರೀನ್ ಹೊರಬಂದವು. ಒಂದು ಮಾತು ಬಿಟ್ಟೆ: ಒಂದು ಜೊತೆ ಒಣ ಬಟ್ಟೆ, ಉಣ್ಣೆಯ ಕಾಲುಚೀಲ ನೀರು ಹೋಗದ ಚೀಲದಲ್ಲಿ ಕಟ್ಟಿಡಿ. ಅದು ಮಲಗೋಕೆ ಮಾತ್ರ, ಯಾರು ಕೇಳಿದರೂ ಕೊಡಬೇಡಿ.