ಒಲೆ ಹತ್ತಿಸದ ಊಟ

ಕನ್ನಡದಲ್ಲಿ ‘ಹಸಿ’ ಎಂಬ ಮಾತಿಗೆ ಎರಡು ಮುಖಗಳುಂಟು. ಬೇಯದೆ ಉಳಿದದ್ದು ಹಸಿ. ಹೊಟ್ಟೆ ಬರಿದಾದಾಗ ಪ್ರಾಣಿಗೆ ಆಗುವುದೂ ಹಸಿವೇ. ಭಾಷಾಶಾಸ್ತ್ರಜ್ಞರು ಈ ಎರಡರ ಧಾತುಗಳು ಬೇರೆ ಬೇರೆ ಎನ್ನುತ್ತಾರೆ. ಆದರೂ ಹಸಿದವನು ಹಸಿಯಾದದ್ದನ್ನೇ ಉಂಡು ತಣಿಯಬಲ್ಲನೇ ಎಂಬ ಪ್ರಶ್ನೆ ಹಳೆಯದು. ಈಗ ಅದು ನಗರಗಳ ಉಪಾಹಾರಗೃಹಗಳಲ್ಲಿ ಹೊಸ ಉಡುಪು ತೊಟ್ಟು ಬಂದಿದೆ.

ಬೆಂಗಳೂರಿನ ಅಂಥದೊಂದು ಉಪಾಹಾರಗೃಹದಲ್ಲಿ ನಾವು ನಾಲ್ವರು ಗೆಳೆಯರು ಒಮ್ಮೆ ಉಂಡೆವು. ಶಾವಿಗೆಯಂತೆ ಎಳೆ ಎಳೆಯಾಗಿ ಹೆಚ್ಚಿದ ಸೌತೆಕಾಯಿ, ನೆನೆಸಿ ಅರೆದು ಮೊಸರಿನಂತೆ ಮಾಡಿದ ಗೋಡಂಬಿ, ಒಣಗಿಸಿಯೇ ಗರಿಗರಿಯಾದ ಅಗಸೆಬೀಜದ ಹಪ್ಪಳ, ಕೊನೆಗೆ ನೆನೆಸಿದ ಶೇಂಗಾ. ನಮ್ಮಲ್ಲೊಬ್ಬ ಚಳ್ಳಕೆರೆ ಸೀಮೆಯವನು. ಉಳ್ಳಾರ್ತಿ ಕಾವಲಿನ ಅಂಚಿನಲ್ಲಿ ಕುರಿ ಕಾಯುತ್ತ ಬೆಳೆದವನು. “ಹಸಿ ಶೇಂಗಾಕ್ಕೆ ನಾವು ದುಡ್ಡು ಕೊಟ್ಟವರೇ ಅಲ್ಲ ಕಣಯ್ಯ, ಗಿಡ ಕಿತ್ತವರಿಗೆ ಅದು ಬಿಟ್ಟಿ” ಎಂದು ಅವನು ನಕ್ಕ. ಊಟ ರುಚಿಯಾಗಿತ್ತು. ಆದರೆ ಅದರ ಹಿಂದಿನ ವಾದ ಎಷ್ಟರಮಟ್ಟಿಗೆ ನಿಲ್ಲುತ್ತದೆ ಎಂಬುದನ್ನು ವಿಚಾರಿಸಬೇಕು.

ಈ ಪಂಥ ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸ್ವಿಟ್ಜರ್ಲೆಂಡಿನ ಜೂರಿಕ್ ನಗರದ ವೈದ್ಯ ಬಿರ್ಷರ್-ಬೆನ್ನರ್ ತನ್ನ ಆರೋಗ್ಯಧಾಮದ ರೋಗಿಗಳಿಗೆ ತುರಿದ ಸೇಬು ಮತ್ತು ನೆನೆಸಿದ ಓಟ್ಸ್ ಕೊಡುತ್ತಿದ್ದ. ನಮ್ಮಲ್ಲಿ ಗಾಂಧೀಜಿಯವರು ೧೯೨೯ರಲ್ಲಿ ಬೆಂಕಿ ಕಾಣದ ಆಹಾರದ ಪ್ರಯೋಗ ನಡೆಸಿ, ಅದರ ವಿವರವನ್ನು ‘ಯಂಗ್ ಇಂಡಿಯಾ’ ಪತ್ರಿಕೆಯಲ್ಲಿ ಬರೆದರು. ಕೆಲವು ತಿಂಗಳಲ್ಲೇ ದೇಹ ಸಹಕರಿಸದೆ ಅದನ್ನು ಕೈಬಿಟ್ಟರು. ಹಾಗೆ ಬಿಟ್ಟದ್ದನ್ನೂ ಓದುಗರಿಂದ ಮರೆಮಾಚಲಿಲ್ಲ.

ಹಸಿಯೂಟದ ಪಕ್ಷಪಾತಿಗಳು ಸುಮಾರು ೪೮ ಡಿಗ್ರಿ ಸೆಲ್ಸಿಯಸ್ ಅನ್ನು ಲಕ್ಷ್ಮಣರೇಖೆ ಎನ್ನುತ್ತಾರೆ. ಅದನ್ನು ಮೀರಿದರೆ ಆಹಾರದಲ್ಲಿರುವ ಕಿಣ್ವಗಳು ಸಾಯುತ್ತವೆ ಎಂಬುದು ಅವರ ವಾದ. ಶಾಖಕ್ಕೆ ಕಿಣ್ವಗಳು ಕೆಡುವುದು ನಿಜ. ಆದರೆ ಅವುಗಳಲ್ಲಿ ಬಹುಪಾಲು ಜಠರದ ಆಮ್ಲದಲ್ಲಿ ಹೇಗೂ ಒಡೆದುಹೋಗುತ್ತವೆ. ನಮ್ಮ ಪಚನಕ್ಕೆ ಬೇಕಾದ ಕಿಣ್ವಗಳನ್ನು ದೇಹವೇ ತಯಾರಿಸಿಕೊಳ್ಳುತ್ತದೆ. ಬೇಯಿಸಿದರೆ ‘ಸಿ’ ಜೀವಸತ್ವ ನಷ್ಟವಾಗುತ್ತದೆ ಎಂಬುದು ಒಪ್ಪತಕ್ಕ ಮಾತು. ಆದರೆ ಟೊಮೆಟೊ ಹಣ್ಣಿನ ಕೆಂಪು ವರ್ಣದ್ರವ್ಯ ಬೆಂದಾಗಲೇ ದೇಹಕ್ಕೆ ಹೆಚ್ಚು ಒದಗುತ್ತದೆ. ಧಾನ್ಯದ ಪಿಷ್ಟವೂ ನೀರು ಮತ್ತು ಶಾಖ ತಾಗಿ ಅರಳಿದ ಮೇಲೆ ಸುಲಭವಾಗಿ ಜೀರ್ಣವಾಗುತ್ತದೆ. ಇನ್ನು ರಾಜ್ಮಾ ಕಾಳನ್ನು ಹಸಿಯಾಗಿ ತಿಂದರೆ, ನಾಲ್ಕೈದು ಕಾಳೇ ವಾಂತಿಗೆ ಸಾಕು. ಅದರ ವಿಷವನ್ನು ಅಡಗಿಸುವುದು ಚೆನ್ನಾಗಿ ಕುದಿಯುವ ನೀರು ಮಾತ್ರ.

ಈ ಪಾಠವನ್ನು ಉಳ್ಳಾರ್ತಿ ಕಾವಲಿನಂಥ ಬಯಲು ಇನ್ನೂ ಸ್ಪಷ್ಟವಾಗಿ ಹೇಳುತ್ತದೆ. ಮೈಸೂರು ಅರಸರ ‘ಬೆಣ್ಣೆ ಚಾವಡಿ’ಯ ದನಗಳಿಗೆ, ಟಿಪ್ಪುವಿನ ಕಾಲದಿಂದ ‘ಅಮೃತ ಮಹಲ್’ ಎನಿಸಿಕೊಂಡ ಆ ತಳಿಗೆ, ಮೀಸಲಾದ ಹುಲ್ಲುಗಾವಲುಗಳಲ್ಲಿ ಅದೂ ಒಂದು. ಹಸುವಿನ ಹೊಟ್ಟೆಯಲ್ಲಿ ನಾಲ್ಕು ಕೋಣೆಗಳಿವೆ. ಮೊದಲನೆಯದರಲ್ಲಿ ನೆಲೆಸಿದ ಅಸಂಖ್ಯ ಸೂಕ್ಷ್ಮಜೀವಿಗಳು ಹುಲ್ಲಿನ ನಾರನ್ನು ಕೊಳೆಸಿ ಆಹಾರವಾಗಿಸುತ್ತವೆ. ಮನುಷ್ಯನಿಗೆ ಆ ಕೋಣೆ ಇಲ್ಲ. ಅವನು ಅದನ್ನು ಹೊರಗೆ ಕಟ್ಟಿಕೊಂಡ. ಅದೇ ಒಲೆ. ಹಸಿ ಹುಲ್ಲನ್ನು ಹಾಲಾಗಿಸುವುದು ಹಸುವಿನ ವಿದ್ಯೆ. ಹಸಿ ಜೋಳವನ್ನು ರೊಟ್ಟಿಯಾಗಿಸುವುದು ನಮ್ಮ ವಿದ್ಯೆ.

ಆ ಹಸುವಿಗೂ ಎಲ್ಲ ಹಸಿಯೂ ಹಿತವಲ್ಲ. ಮಳೆ ಕೈಕೊಟ್ಟು ಬಾಡಿದ ಎಳೆಯ ಜೋಳದ ಪೈರಿಗೆ ದನ ಬಾಯಿ ಹಾಕಿದರೆ, ಪೈರಿನಲ್ಲಿರುವ ಒಂದು ದ್ರವ್ಯ ಸಯನೈಡ್ ವಿಷವನ್ನು ಬಿಡುಗಡೆ ಮಾಡಿ ಅದು ನಿಂತಲ್ಲೇ ಉರುಳಬಹುದು. ಆದ್ದರಿಂದ ತಿಳಿದ ರೈತ ಅಂಥ ಹೊಲಕ್ಕೆ ದನ ಬಿಡುವುದಿಲ್ಲ. ಮೊಳಕೆ ಬಂದದ್ದೆಲ್ಲ ಅಮೃತ ಎಂದು ನಂಬುವ ನಗರವಾಸಿಗಳು ನೆನಪಿಡಬೇಕಾದ ಮಾತಿದು: ಜೋಳದ ಮೊಳಕೆಯಲ್ಲೂ ಅದೇ ದ್ರವ್ಯವಿದೆ. ಹೆಸರುಕಾಳಿಗೆ ಸಲ್ಲುವ ನಿಯಮ ಜೋಳಕ್ಕೆ ಸಲ್ಲದು. ಶೇಂಗಾ ಹಸಿಯಾಗಿಯೂ ತಿನ್ನಲು ಯೋಗ್ಯವೇ. ಆದರೆ ಬೂಷ್ಟು ಹಿಡಿದ ಬೀಜದಲ್ಲಿ ಶಿಲೀಂಧ್ರದ ವಿಷ ಇರಬಹುದು, ಅದನ್ನು ಹುರಿದರೂ ಪೂರ್ತಿ ಹೋಗದು. ಅಂಥದನ್ನು ಎಸೆಯುವುದೇ ಲೇಸು.

ನಮ್ಮ ಹಿರಿಯರು ಇದನ್ನೆಲ್ಲ ಪ್ರಯೋಗಶಾಲೆಯಲ್ಲಿ ಕಲಿಯಲಿಲ್ಲ. ರಾಮನವಮಿಯ ಪಾನಕ, ಕೋಸಂಬರಿಗಳಿಗೆ ಒಲೆ ಬೇಕಿಲ್ಲ. ಬೇಳೆಗಳಲ್ಲಿ ನೆನೆದರೆ ಸಾಕು ಮೆತ್ತಗಾಗುವ ಹೆಸರುಬೇಳೆಯನ್ನೇ ಆರಿಸಿ, ಸೌತೆಕಾಯಿ, ತೆಂಗಿನತುರಿ, ನಿಂಬೆರಸ ಬೆರೆಸಿದರು. ಆದರೆ ಮದುವೆಯ ಎಲೆಯಲ್ಲಿ ಆ ಕೋಸಂಬರಿಯನ್ನು ಬೆಂದ ಅನ್ನದ ಒತ್ತಿನಲ್ಲೇ ಬಡಿಸಿದರು. ಹಸಿಯನ್ನು ಮತವನ್ನಾಗಿ ಮಾಡಲಿಲ್ಲ, ಊಟದ ಒಂದು ಬದಿಯನ್ನಾಗಿ ಮಾಡಿದರು.

ಇನ್ನೊಂದು ಮಾತು. ಹಸಿಯೂಟ ನಗರದಲ್ಲಿ ಬೆಲೆ ತೆತ್ತು ಕೊಳ್ಳುವ ಆಯ್ಕೆ. ಬಯಲುಸೀಮೆಯ ಮಕ್ಕಳಿಗೆ ಅದು ಋತುವಿನ ಕೊಡುಗೆ. ಕಾವಲಿನ ಪೊದೆಗಳ ಬಾರೆಹಣ್ಣು, ಕಾರೆಹಣ್ಣುಗಳು ರೊಟ್ಟಿಯ ಬುತ್ತಿಯ ಜೊತೆಗೆ ಅವರಿಗೆ ದೊರೆಯುತ್ತಿದ್ದ ತಾಜಾ ಆಹಾರ. ೨೦೧೦ರ ಆಸುಪಾಸಿನಲ್ಲಿ ಚಳ್ಳಕೆರೆಯ ಕಾವಲುಗಳ ಸಾವಿರಾರು ಎಕರೆ ವಿಜ್ಞಾನ ಹಾಗೂ ರಕ್ಷಣಾ ಸಂಸ್ಥೆಗಳ ಪಾಲಾಗಿ, ಉದ್ದನೆಯ ಗೋಡೆಗಳು ಎದ್ದವು. ದೇಶಕ್ಕೆ ವಿಜ್ಞಾನ ಬೇಕು, ನಿಜ. ಆದರೆ ಆ ಗೋಡೆಯ ಲೆಕ್ಕದಲ್ಲಿ ದನದ ಹುಲ್ಲನ್ನು ಎಣಿಸಿದವರೂ ಕುರಿಗಾಹಿ ಹುಡುಗನ ಹಿಡಿ ಹಣ್ಣನ್ನು ಎಣಿಸಿದಂತೆ ಕಾಣದು.

ಹಸಿ ಒಳ್ಳೆಯದೋ ಬೆಂದದ್ದು ಒಳ್ಳೆಯದೋ ಎಂಬ ತರ್ಕ ಒಲೆಯೂ ಆಯ್ಕೆಯೂ ಇರುವವರ ವಿನೋದ. ಯಾವುದನ್ನು ಹಸಿಯಾಗಿ ತಿನ್ನಬಹುದು, ಯಾವುದನ್ನು ಬೇಯಿಸಲೇಬೇಕು ಎಂಬ ವಿವೇಕ ಮಾತ್ರ ಎಲ್ಲರಿಗೂ ಸೇರಿದ್ದು. ಆ ವಿವೇಕವನ್ನು ಕಲಿಸಿದ ಬಯಲು ಕೂಡ ಎಲ್ಲರಿಗೂ ಸೇರಿಯೇ ಇರಬೇಕು.