ಬಳೆಗಾರ ಗುಂಡಿನ ಮೇಲಿನ ಬರಹ

ಬೌದ್ಧರ ಪುಣ್ಯಸ್ಥಳವೊಂದನ್ನು ಕಣ್ಣಾರೆ ನೋಡಿ, ಅದರ ಪಟವನ್ನೂ ತೆಗೆದುಕೊಂಡು ಬರಬೇಕೆಂಬ ಆಸೆ ಹುಟ್ಟಿದಾಗ ದಾವಣಗೆರೆ, ಹರಿಹರಗಳ ನಮ್ಮ ಜನರು ಸಾಂಚಿ, ಅಜಂತ, ಸಾರನಾಥಗಳನ್ನು ನೆನೆಯುವುದು ವಾಡಿಕೆ. ಅವು ನೋಡತಕ್ಕ ಸ್ಥಳಗಳೇ ಸರಿ. ಆದರೆ ಅಷ್ಟು ದೂರ ಹೊರಡುವ ಮೊದಲು ನೆರೆಯ ಮೊಳಕಾಲ್ಮುರು ತಾಲ್ಲೂಕಿನ ಬೆಟ್ಟವೊಂದನ್ನು ಹತ್ತಿ ಬರಬಹುದು. ಅದು ಚಿತ್ರದುರ್ಗ ಜಿಲ್ಲೆಯಲ್ಲಿದೆ. 1997ರಲ್ಲಿ ದಾವಣಗೆರೆ ಬೇರೆ ಜಿಲ್ಲೆಯಾಗುವವರೆಗೆ ನಮ್ಮದೂ ಅದೇ ಜಿಲ್ಲೆಯಾಗಿದ್ದಿತು. ಬೆಟ್ಟದ ಹೆಸರು ಜಟಿಂಗರಾಮೇಶ್ವರ.

ಹೆಸರು ಶಿವನದು, ಕಥೆ ರಾಮಾಯಣದ್ದು. ರಾವಣನೊಡನೆ ಹೋರಾಡಿ ಜಟಾಯುವು ಬಿದ್ದ ಸ್ಥಳವಿದೆಂದು ಜನರು ನಂಬುತ್ತಾರೆ. ಹಾಗಾದರೆ ಇಲ್ಲಿ ಬೌದ್ಧರ ಗುರುತೇನು? ದೇವಾಲಯಕ್ಕೆ ಏರುವ ಮೆಟ್ಟಿಲುಗಳ ಎದುರಿನಲ್ಲಿ, ಓರೆಯಾಗಿ ಹಾಸಿಕೊಂಡಿರುವ ಒರಟು ಬಂಡೆಯ ಮೇಲೆ, ಸುಮಾರು 2,250 ವರ್ಷಗಳ ಹಿಂದಿನ ಅಶೋಕ ಚಕ್ರವರ್ತಿಯ ಶಾಸನವಿದೆ. ಇದನ್ನೂ, ಸಮೀಪದ ಬ್ರಹ್ಮಗಿರಿ, ಸಿದ್ದಾಪುರಗಳಲ್ಲಿರುವ ಇದರ ಜೊತೆಯ ಶಾಸನಗಳನ್ನೂ 1892ರಲ್ಲಿ ಲೋಕಕ್ಕೆ ತೋರಿಸಿಕೊಟ್ಟವರು ಮೈಸೂರು ಸಂಸ್ಥಾನದ ಬಿ. ಎಲ್. ರೈಸ್ ಅವರು.

ಸ್ತೂಪವನ್ನೋ ಬುದ್ಧನ ವಿಗ್ರಹವನ್ನೋ ನಿರೀಕ್ಷಿಸಿ ಹೋದವರಿಗೆ ಮೊದಲ ನೋಟದಲ್ಲಿ ನಿರಾಶೆಯಾದೀತು. ಅಶೋಕನೆಂಬ ಹೆಸರು ಕೂಡ ಇಲ್ಲಿಲ್ಲ. ದೇವಾನಾಂಪ್ರಿಯ ಎಂಬ ಬಿರುದು ಮಾತ್ರ ಇದೆ. ಆ ಹೆಸರನ್ನುಳ್ಳ ಶಾಸನವು ಮೊದಲು ದೊರೆತದ್ದು 1915ರಲ್ಲಿ, ನಮ್ಮ ಮಸ್ಕಿಯಲ್ಲಿ. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಸುವರ್ಣಗಿರಿಯಲ್ಲಿದ್ದ ರಾಜಕುಮಾರನೂ ಮಹಾಮಾತ್ರರೂ ಇಸಿಲದ ಅಧಿಕಾರಿಗಳ ಆರೋಗ್ಯವನ್ನು ವಿಚಾರಿಸಿ, ಬಳಿಕ ರಾಜನ ಮಾತನ್ನು ತಿಳಿಸುತ್ತಾರೆ. ತಾನು ಎರಡೂವರೆ ವರ್ಷಕ್ಕೂ ಹೆಚ್ಚು ಕಾಲ ಉಪಾಸಕನಾಗಿದ್ದರೂ ಮೊದಲು ಅಷ್ಟಾಗಿ ಶ್ರಮಿಸಲಿಲ್ಲವೆಂದೂ, ಸಂಘವನ್ನು ಸಮೀಪಿಸಿದ ಮೇಲೆ ಶ್ರಮಿಸಿದೆನೆಂದೂ ಚಕ್ರವರ್ತಿಯು ಸಂಕೋಚವಿಲ್ಲದೆ ಒಪ್ಪಿಕೊಳ್ಳುತ್ತಾನೆ. ಇದರ ಫಲವು ದೊಡ್ಡವರಿಗೆ ಮಾತ್ರ ಮೀಸಲಲ್ಲ, ಪ್ರಯತ್ನಪಟ್ಟರೆ ಸಣ್ಣವರಿಗೂ ದೊರೆಯುತ್ತದೆ ಎಂಬುದು ಅವನ ಸಂದೇಶದ ತಿರುಳು. ತಂದೆತಾಯಿಗಳ ಸೇವೆ, ಪ್ರಾಣಿಗಳಲ್ಲಿ ದಯೆ, ಸತ್ಯ, ಗುರುವಿನಲ್ಲಿ ಗೌರವ, ಇವು ಮುಂದಿನ ಉಪದೇಶಗಳು. ಕೊನೆಯಲ್ಲಿ ಚಪಡನೆಂಬ ಲಿಪಿಕಾರನು ತನ್ನ ಹೆಸರನ್ನು ಬ್ರಾಹ್ಮಿಯಲ್ಲಿ ಬರೆದು, ತನ್ನ ವೃತ್ತಿಯನ್ನು ಮಾತ್ರ ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿಯಲ್ಲಿ ಬರೆದಿದ್ದಾನೆ. ಅದು ವಾಯವ್ಯ ಗಡಿನಾಡಿನ ಲಿಪಿ. ಅದನ್ನು ಬಲ್ಲ ಒಂದು ಕೈ ನಮ್ಮ ನಾಡಿನ ಕಲ್ಲಿನ ಮೇಲೆ ಕೆಲಸಮಾಡಿದ್ದಿತೆಂಬುದನ್ನು ಯೋಚಿಸಿದರೆ ಆಶ್ಚರ್ಯವಾಗದಿರದು.

ಈ ಬಂಡೆಗೆ ಊರವರು ಇಟ್ಟ ಹೆಸರು ಬಳೆಗಾರ ಗುಂಡು. ವರ್ಷವರ್ಷದ ಜಾತ್ರೆಯಲ್ಲಿ ಬಳೆಗಾರರು ಇದರ ಮೇಲೆಯೇ ಅಂಗಡಿ ಹೂಡುತ್ತಿದ್ದರು. ಚಪ್ಪರದ ಕಂಬಗಳಿಗಾಗಿ ಕಲ್ಲಿನಲ್ಲಿ ಕುಳಿಗಳನ್ನೂ ಮಾಡಿದ್ದರು. ತಲೆಮಾರುಗಳ ಕಾಲ್ತುಳಿತಕ್ಕೆ ಸಿಕ್ಕಿ ಅಕ್ಷರಗಳು ಬಹಳವಾಗಿ ಸವೆದುಹೋದವು. ಬ್ರಹ್ಮಗಿರಿಯ ಪ್ರತಿಯು ಚೆನ್ನಾಗಿ ಉಳಿದಿರುವುದರಿಂದಲೇ ಇಲ್ಲಿ ಅಳಿದ ಮಾತುಗಳನ್ನು ವಿದ್ವಾಂಸರು ತುಂಬಿಕೊಳ್ಳಲು ಸಾಧ್ಯವಾಯಿತು. ಬಳೆಗಾರರನ್ನು ದೂರುವುದು ನ್ಯಾಯವಲ್ಲ. ಬ್ರಾಹ್ಮಿಯನ್ನು ಓದುವ ಬಗೆಯನ್ನು ಜೇಮ್ಸ್ ಪ್ರಿನ್ಸೆಪ್ ಅವರು 1837ರಲ್ಲಿ ಬಿಡಿಸುವ ತನಕ ದೊಡ್ಡ ಪಂಡಿತರಿಗೂ ಅದು ಬರಿಯ ಗೀರುಗಳಾಗಿದ್ದಿತು. ಓದಬಲ್ಲ ನಾವು ಏನು ಮಾಡುತ್ತೇವೆಂಬುದೇ ಈಗಿನ ಪ್ರಶ್ನೆ. ಏಕೆಂದರೆ ಪಟ ಚೆನ್ನಾಗಿ ಬರಲೆಂದು ಅಕ್ಷರಗಳಿಗೆ ಸೀಮೆಸುಣ್ಣ ತೀಡುವವರೂ, ಎಣ್ಣೆ ಸವರುವವರೂ, ಕಲ್ಲನ್ನು ಉಜ್ಜುವವರೂ ವಿದ್ಯಾವಂತರೇ.

ಇದಾವುದೂ ಬೇಕಿಲ್ಲ. ಕಲ್ಲಿನ ಬರಹವನ್ನು ತೋರಿಸುವುದು ಬಣ್ಣವಲ್ಲ, ನೆರಳು. ನಡುಹಗಲಿನ ಬಿಸಿಲು ಮೇಲಿನಿಂದ ಬಿದ್ದು ಕೊರೆದ ಗೆರೆಯ ಒಳಗನ್ನೂ ಹೊರಗನ್ನೂ ಸಮನಾಗಿ ಬೆಳಗುತ್ತದೆ, ಅಕ್ಷರ ಕಾಣದಾಗುತ್ತದೆ. ಬೆಳಗ್ಗೆ, ಸಂಜೆ ಬೆಳಕು ಕಲ್ಲನ್ನು ಸವರಿಕೊಂಡು ಬರುವಾಗ ಪ್ರತಿಯೊಂದು ಗೆರೆಯ ಒಂದು ಅಂಚು ಬೆಳಗಿ, ಇನ್ನೊಂದು ಅಂಚು ಕಪ್ಪಾಗುತ್ತದೆ. ಇದನ್ನು ಪರೀಕ್ಷಿಸಲು ಬೆಟ್ಟದವರೆಗೆ ಹೋಗಬೇಕಾಗಿಲ್ಲ. 1224ರ ಸುಮಾರಿನಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವನು ಕಟ್ಟಿಸಿದ ಹರಿಹರೇಶ್ವರ ದೇವಾಲಯದಲ್ಲಿ ನೆಟ್ಟಿರುವ ಶಾಸನಕಲ್ಲುಗಳಲ್ಲಿ ಒಂದನ್ನು ಹರಿಹರದವರು ಮಧ್ಯಾಹ್ನ ಒಮ್ಮೆ, ಬಿಸಿಲು ಓರೆಯಾದಾಗ ಒಮ್ಮೆ ನೋಡಲಿ. ಒಂದೇ ಕಲ್ಲು ಮೊದಲು ಮೂಕವಾಗಿದ್ದು ಬಳಿಕ ಮಾತನಾಡಿದಂತೆ ತೋರುವುದು.

ಈಗ ಜೇಬಿನ ಫೋನೇ ಕ್ಯಾಮೆರಾ ಆಗಿರುವುದರಿಂದ ಸಲಕರಣೆಯ ಚಿಂತೆಯಿಲ್ಲ. ಬಿಸಿಲು ನೇರವಾಗಿ ತಲುಪದ ಕಡೆ ಜೊತೆಗಾರರೊಬ್ಬರು ಟಾರ್ಚನ್ನು ಕಲ್ಲಿನ ಮಟ್ಟದಲ್ಲಿ ಓರೆಯಾಗಿ ಹಿಡಿಯಲಿ. ಎಡದಿಂದ, ಬಲದಿಂದ, ಕೆಳಗಿನಿಂದ ಬೇರೆ ಬೇರೆ ಪಟಗಳನ್ನು ತೆಗೆಯಿರಿ. ಒಂದರಲ್ಲಿ ಅಡಗಿದ ಗೆರೆ ಮತ್ತೊಂದರಲ್ಲಿ ಕಂಡೀತು. ಎದುರಿನಿಂದ ಹೊಡೆಯುವ ಫ್ಲಾಷ್ ಬೆಳಕು ನಡುಹಗಲಿನ ಬಿಸಿಲಿನಂತೆಯೇ ನಿರರ್ಥಕ. ಬಂಡೆ ಓರೆಯಾಗಿರುವುದರಿಂದ ಕ್ಯಾಮೆರಾವನ್ನೂ ಅದೇ ಓರೆಯಲ್ಲಿ ಹಿಡಿಯದಿದ್ದರೆ ಅಕ್ಷರಗಳು ಸೊಟ್ಟಗಾಗುತ್ತವೆ. ಮೊದಲು ಇಡೀ ಬಂಡೆಯ ಪಟ, ಬಳಿಕ ಭಾಗಭಾಗವಾಗಿ. ಪಕ್ಕದಲ್ಲಿ ಒಂದು ಅಳತೆಕೋಲು. ತೆಗೆದ ದಿನ, ಹೊತ್ತುಗಳ ಟಿಪ್ಪಣಿ. ಇಷ್ಟಿದ್ದರೆ ನಿಮ್ಮ ಪಟವು ನೆನಪಿನ ಚಿತ್ರವಷ್ಟೇ ಅಲ್ಲದೆ ದಾಖಲೆಯೂ ಆಗುತ್ತದೆ. ಒದ್ದೆ ಕಾಗದವನ್ನು ಒತ್ತಿ ಪಡಿಯಚ್ಚು ತೆಗೆಯುವ ಕೆಲಸವನ್ನು ಮಾತ್ರ ತಜ್ಞರಿಗೇ ಬಿಡತಕ್ಕದ್ದು. ಈ ಸ್ಥಳವು ಕೇಂದ್ರ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿದೆ. 1958ರ ಕಾನೂನಿನ ಮೇರೆಗೆ ಇದಕ್ಕೆ ಹಾನಿಮಾಡುವುದು ಅಪರಾಧ.

ದಾವಣಗೆರೆಯಿಂದ ಚಿತ್ರದುರ್ಗ ಸುಮಾರು 60 ಕಿಲೋಮೀಟರು. ಅಲ್ಲಿಂದ ಚಳ್ಳಕೆರೆಯ ಮೇಲೆ ಬಳ್ಳಾರಿಯ ಕಡೆಗೆ ಸಾಗಿ, ಅಶೋಕ ಸಿದ್ದಾಪುರವೆಂದು ವಿಚಾರಿಸಬೇಕು. ಮೊದಲು ಬ್ರಹ್ಮಗಿರಿಯ ಸ್ಪಷ್ಟವಾದ ಪ್ರತಿಯನ್ನು ನೋಡಿ ಕಣ್ಣನ್ನು ಪಳಗಿಸಿಕೊಂಡು, ಸುಮಾರು ಐದು ಕಿಲೋಮೀಟರು ದೂರದ ಜಟಿಂಗರಾಮೇಶ್ವರಕ್ಕೆ ಬಿಸಿಲು ಇಳಿಯುವ ಹೊತ್ತಿಗೆ ಏರುವುದು ಒಳ್ಳೆಯದು. ಬೆಟ್ಟವು ಸಮುದ್ರಮಟ್ಟದಿಂದ 3,400 ಅಡಿಗಳಿಗೂ ಎತ್ತರವಾಗಿದೆ. ಕುಡಿಯುವ ನೀರನ್ನು ಕೆಳಗಿನಿಂದಲೇ ಒಯ್ಯಬೇಕು. ಕತ್ತಲಾಗುವ ಮುನ್ನ ಇಳಿಯಬೇಕು.

ತನ್ನ ಈ ಪ್ರಯತ್ನ ಬಹುಕಾಲ ನಿಲ್ಲಲಿ ಎಂಬ ಹಾರೈಕೆಯೂ ಆ ಬರಹದಲ್ಲಿದೆ. ಕಲ್ಲಿನಲ್ಲಿ ಕೆತ್ತಿಸಿದ್ದೂ ಅದಕ್ಕಾಗಿಯೇ. ಆದರೆ ಕಲ್ಲೂ ಸವೆಯುತ್ತದೆಂಬುದನ್ನು ಬಳೆಗಾರ ಗುಂಡು ತೋರಿಸಿಕೊಟ್ಟಿದೆ. ಅದರ ಮೇಲೆ ಕಾಲಿಡದೆ, ಕೈಯಿಡದೆ, ಬೆಳಕೊಂದನ್ನೇ ನೆಚ್ಚಿ ಪಟ ತೆಗೆದು ಬರುವ ಪ್ರವಾಸಿಯು ಆ ಹಾರೈಕೆಯನ್ನು ತನ್ನ ಮಟ್ಟಿಗೆ ನಡೆಸಿಕೊಟ್ಟಂತಾಗುತ್ತದೆ. ಸಣ್ಣವರಿಂದಲೂ ಆಗತಕ್ಕ ಕೆಲಸವಿದು.